ಬೀಗರ ಹಾಸಗಿ

ಪೇಶಂಟ್ ನೋಡಿಕೊಳ್ಳೋದನ್ನ ನರ್ಸಿಂಗ್ ಹುಡುಗ್ಯಾರಿಗೆ ಕಲಿಸೋದು ನನ್ನ ಕೆಲಸ. ಬಾಗೇವಾಡಿಯ ನಮ್ಮ ಸಣ್ಣ ದವಾಖಾನಿಯೊಳಗ ಪುಸ್ತಕದಾಗ ಬರದಂಗ ಒಂದ ದಿನಾನೂ ನಡದಿಲ್ಲ ಬಿಡ್ರಿ.

ಹಲಸಂಗಿ ಕಡಿ ಒಬ್ಬ ಹುಡುಗಿ ಇದ್ಲು. ಕೈ ಬಂಗಾರದಂಥಾವು, ಬಾಯಿ ಮಾತ್ರ ಹೊಲಿದಂಗ. ಪೇಶಂಟಿಗೆ ಏನ ಮಾಡೋದಿದ್ರೂ ಮೊದಲ ಹೇಳಿ ಮಾಡಬೇಕು. ಇಕಿ ಮೂಕಿಯಂಗ ಮಾಡಿ ಹೋದ ವರ್ಷ ಪ್ರಾಕ್ಟಿಕಲ್‌ದಾಗ ಫೇಲಾಗಿದ್ಲು. ಈ ಸಲಾನೂ ಫೇಲಾದ್ರ ಕಲ್ತದ್ದು ಸಾಕು, ಮನಿಗೆ ಬಾ ಅಂತ ಅವರಪ್ಪ ಹೇಳಿಬಿಟ್ಟಿದ್ದ. ಅಕಿಗಿಂತ ನನಗ ಹೆಚ್ಚು ಹೆದರಿಕಿ.

೧. ಹಾಸಗಿ

ಕಾಲಿನ ಗಾಯ ಅಂತ ಮಸೂತಿ ಅನ್ನೋ ಹಳ್ಳಿಯಿಂದ ಒಬ್ಬ ಮುದುಕಿ ಬಂದು ಅಡ್ಮಿಟ್ ಆದ್ಲು. ನಾವೆಲ್ಲ ಆಯಿ ಅಂತಿದ್ವಿ. ಹುಡುಗಿ ಬಿಳೇ ಚಾದರ ಹಾಸಿ, ನಾಕೂ ಮೂಲಿ ಬಿಗಿಯಾಗಿ ಮಡಚಿ, ಒಂದ ಸುಕ್ಕಿಲ್ಲದಂಗ ಹಾಸಗಿ ಮಾಡಿದ್ಲು. ಮುಂಜಾನಿ ನೋಡ್ತೇನಿ, ಹಾಸಗಿ ಹಂಗೇ ಐತಿ. ಆಯಿ ಕೆಳಗ ಕೌದಿ ಹಾಸ್ಕೊಂಡು ಮಲಗ್ಯಾಳ!

"ಯಾಕಬೇ ಆಯಿ, ಕೆಳಗ್ಯಾಕ?"

"ಇಷ್ಟ ಚೆಂದ ಹಾಸ್ಯಾಳ, ನಾ ಹೊಲಸ ಮಾಡ್ಲೇನ್ರಿ ಅಕ್ಕಾರ? ಬೀಗರು ಬಂದ್ರ ಬೇಕಾಕ್ಕೈತಿ, ಇರ್ಲಿ ಬಿಡ್ರಿ."

೨. ಉಪವಾಸ

ಆಯಿಗೆ ಸಕ್ಕರಿ ತಪಾಸಣಿ ಇತ್ತು. "ನಾಳೆ ಉಪವಾಸ ಇರ್ರಿ" ಅಂತಷ್ಟ ಪಿಸುಗುಟ್ಟಿ ಹುಡುಗಿ ಓಡಿಬಿಟ್ಲು. ಮುಂಜಾನಿ ರಕ್ತ ತಗದ್ರ ಸಕ್ಕರಿ ಏರಿ ಕುಂತೈತಿ. ಡಾಕ್ಟರ್ ಗಾಬರಿಯಾಗಿ "ಏನ್ ತಿಂದಿ ಆಯಿ?" ಅಂದ್ರು.

"ಅಯ್ಯ, ಏನೂ ಇಲ್ರಿ ಸಾಹೇಬ್ರ! ಶಿವರಾತ್ರಿಗಿ ಮಾಡಿದಂಗ ಕಡಕ್ ಉಪವಾಸ. ಸಾಬುದಾಣಿ ಖಿಚಡಿ, ಎರಡ ಬಾಳಿಹಣ್ಣ, ಒಂದೀಟ ಶೇಂಗಾದುಂಡಿ. ಅಷ್ಟ."

ಬೈಸಿಕೊಂಡಾಕಿ ಮಾತ್ರ ಹುಡುಗಿ. ಆಯಿಗೆ ಕರುಳ ಚುರಕ್ ಅಂತು. "ನನ್ನಿಂದ ಆ ಕೂಸ ಬೈಸಿಕೊಂತು. ಅಕಿ ಪರೀಕ್ಷಾದಾಗ ಏನರ ಕೆಲಸಿದ್ರ ಹೇಳ್ರಿ, ನಾ ಅದೇನಿ" ಅಂದ್ಲು.

೩. ಪರೀಕ್ಷಾ

ಪರೀಕ್ಷಾ ಬರೋ ಹೊತ್ತಿಗೆ ಆಯಿ ಗಾಯ ಮಾಯ್ದಿತ್ತು. ಆದ್ರೂ ಪರೀಕ್ಷಾಕ್ಕ ಪೇಶಂಟ್ ಅಕಿನ. "ಕೈಕಾಲಾಗ ಶಕ್ತಿ ಇಲ್ಲದಾಕಿಯಂಗ ಮಲಗು, ಅಲ್ಲಾಡಬ್ಯಾಡ. ಹುಡುಗಿ ನಿನ್ನ ಮಗ್ಗಲಾ ಹೊರಳಸ್ತಾಳ" ಅಂತ ಹೇಳಿ, ಹೆಂಗರ ಮಾಡಿ ಹಾಸಗಿ ಮ್ಯಾಲೆ ಮಲಗಿಸಿದ್ವಿ.

ಪರೀಕ್ಷಾ ಮಾಡೋ ಮೇಡಂ ವಿಜಯಪುರದಿಂದ ಬಸ್ಸಿನಾಗ ನಿಂತಕೊಂಡೇ ಬಂದಿದ್ರು. ಮಾರಿ ಗಂಟ ಹಾಕ್ಕೊಂಡು ಒಳಗ ಬಂದು, "ಪೇಶಂಟಿಗೆ ಏನಾಗೇತಿ?" ಅಂದ್ರು.

"ಕೈಕಾಲು ಅಲ್ಲಾಡಂಗಿಲ್ರಿ" ಅಂದೆ ನಾನು.

ಹೊರಗಿನವರು ಮನ್ಯಾಗ ಕಾಲಿಟ್ಟ ಮ್ಯಾಲೆ ಆಯಿ ಮಲಗಿರ್ತಾಳೇನು? ಟಣ್ಣಂತ ಎದ್ದು, ತಲಿಮ್ಯಾಲೆ ಸೆರಗ ಹೊತ್ತು, "ಬರ್ರಿ ಅಕ್ಕಾರ, ಎಷ್ಟ ದಣದೀರಿ!" ಅಂತ ಮೇಡಂ ರಟ್ಟಿ ಹಿಡದು ಹಾಸಗಿ ಮ್ಯಾಲೆ ಕುಂಡ್ರಿಸಿಬಿಟ್ಲು. ಚಹಾ ತರಸ್ರಿ ಅಂತ ನನಗೇ ಹುಕುಂ ಬ್ಯಾರೆ!

ಮುಗೀತು ಹುಡುಗಿ ಕತಿ ಅಂದ್ಕೊಂಡೆ. ಅಕಿ ಆಯಿನ್ನ ನೋಡಿದ್ಲು, ಹಾಸಗಿ ನೋಡಿದ್ಲು. ಆಮ್ಯಾಲೆ ಬಾಯಿ ಬಿಟ್ಲು ನೋಡ್ರಿ!

"ಹೆದರಬ್ಯಾಡ್ರಿ ಮೇಡಂ. ಹಂಗ ಅಡ್ಡಾಗ್ರಿ. ಈಗ ನಿಮ್ಮನ್ನ ಎಡಮಗ್ಗಲಾ ಹೊರಳಿಸಿ ಬೆನ್ನಿಗೆ ದಿಂಬ ಕೊಡ್ತೇನಿ. ಎಲ್ಲೆರ ನೊಂದ್ರ ಹೇಳ್ರಿ."

ಮೇಡಂಗ ಏನ ಅನಸ್ತೋ, ಸುಮ್ನ ಅಡ್ಡಾದ್ರು. ಹುಡುಗಿ ಹೊರಳಿಸಿದ್ಲು, ದಿಂಬ ಕೊಟ್ಲು, ಚಾದರ ಹೊಚ್ಚಿದ್ಲು. ಒಂದೊಂದೂ ಹೇಳೇ ಮಾಡಿದ್ಲು. ಖುಷಿಗೆ ನನ್ನ ಕಣ್ಣಾಗ ನೀರ ಬಂದ್ವು. "ಆರಾಮ ಅನಸ್ತೈತೇನ್ರಿ?" ಅಂತ ಕೊನಿಗೆ ಕೇಳಿದ್ರ, ಮೇಡಂ ಗೊರಕಿ ಹೊಡ್ಯಾಕತ್ತಿದ್ರು.

ಚಹಾ ಬಂದ ಮ್ಯಾಲೆ ಎಬ್ಬಿಸಿದ್ವಿ. ಕಣ್ಣ ತಿಕ್ಕೊಂತ "ಪಾಸ್" ಅಂದ್ರು.

ಆಯಿ ನನ್ನ ಕಡಿ ತಿರುಗಿ, "ನೋಡ್ರಿ ಅಕ್ಕಾರ, ಅವತ್ತ ನಾ ಹೊಲಸ ಮಾಡಿದ್ರ ಇವತ್ತ ಬೀಗರನ್ನ ಎಲ್ಲಿ ಮಲಗಸ್ತಿದ್ರಿ?" ಅಂದ್ಲು.