ಗೋಡೆಯ ಮೇಲಿನ ಮೀಸೆ

ಕತೆ, ಕಾದಂಬರಿಗಳಿಗೆ ಚಿತ್ರ ಬರೆಯುವವರೆಲ್ಲ ಸೇರಿ ಆ ವರ್ಷ ಬೆಳಗಾವಿಯಲ್ಲಿ ಪ್ರದರ್ಶನ ಇಟ್ಟಿದ್ದರು. ಅದನ್ನು ನೋಡಲು ಹೋಗಿದ್ದೇ ಅವಧೂತರಾಯರ ತಪ್ಪು. ಪೆನ್ಸಿಲ್ಲಿನ ಒಂದು ಚಿತ್ರದಲ್ಲಿ ಗುಮಾಸ್ತನೊಬ್ಬ ಫೈಲುಗಳ ಮೇಲೆ ತಲೆಯಿಟ್ಟು, ಬಾಯಿ ತೆರೆದು ಮಲಗಿದ್ದ. ಮೂಗಿನ ಕೆಳಗೆ ಎರಡು ಅಳಿಲು ಬೆನ್ನು ತಾಗಿಸಿ ಕೂತಂಥ ಮೀಸೆ. ಅಂಥ ಮೀಸೆ ಖಾನಾಪುರದಿಂದ ಬೆಳಗಾವಿವರೆಗೆ ಒಂದೇ ಇತ್ತು, ಅದು ಅವಧೂತರಾಯರದು.

“ಬರೋಬ್ಬರಿ ನೀವ ನೋಡ್ರಿ,” ಎಂದ ಜೊತೆಗೆ ಬಂದಿದ್ದ, ಕಚೇರಿಯ ಪಕ್ಕದ ಮೇಜಿನ ಗುರುಪಾದಪ್ಪ. ಊರ ಉಸಾಬರಿಯೆಲ್ಲ ಅವನಿಗೇ ಬೇಕು.

“ನಾ ಅಲ್ಲ. ನಾ ಆಫೀಸಿನಾಗ ಕಣ್ಣು ಸುದ್ದಾ ಮಿಟಕಸಂಗಿಲ್ಲ.”

ಜನ ಕೂಡಿದರು. ಚಿತ್ರವನ್ನೊಮ್ಮೆ, ರಾಯರನ್ನೊಮ್ಮೆ ನೋಡಿ, ಸಂತೆಯಲ್ಲಿ ಹೋರಿಯ ಹಲ್ಲು ನೋಡಿದವರಂತೆ ತಲೆಯಾಡಿಸಿದರು. ಸಂಜೆ ಕಚೇರಿಯ ಸಾಹೇಬರೇ ಬರುವವರಿದ್ದರು. ರಾಯರನ್ನು ಹೆಡ್‌ಕ್ಲಾರ್ಕ್ ಮಾಡುವುದೂ ಬಿಡುವುದೂ ಅವರ ಕೈಯಲ್ಲಿತ್ತು. ಚಿತ್ರ ತೆಗೆಸಿಬಿಡಿ ಎಂದು ಗುರುಪಾದಪ್ಪ ಬುದ್ಧಿ ಹೇಳಿದ. ತೆಗೆಸಿದರೆ ಒಪ್ಪಿಕೊಂಡಂತಲ್ಲವೇ?

“ಇರಲಿ ಅದು ಅಲ್ಲೇ. ಅದರ ಬಾಜೂಕ್ಕ ನಿಂತು ತೋರಸ್ತೀನಿ, ಅಂವ ಬ್ಯಾರೆ, ನಾ ಬ್ಯಾರೆ,” ಎಂದು ರಾಯರು ನೇರ ಶಹಾಪುರದ ಕ್ಷೌರದಂಗಡಿಗೆ ನಡೆದರು.

ಮೀಸೆ ತೆಗೆ ಎಂದದ್ದೇ ಕ್ಷೌರಿಕ ಬಾಳಾಸಾಹೇಬನ ಕತ್ತಿ ಗಾಳಿಯಲ್ಲೇ ನಿಂತಿತು. ತಂದೆ ತೀರಿದರೆ ಮಾತ್ರ ಮೀಸೆ ತೆಗೆಯುವ ಮನೆತನ ರಾಯರದು. “ಯಾವಾಗ ಹೋದ್ರು?” ಎಂದು ಮೆಲ್ಲಗೆ ಕೇಳಿದ.

“ಯಾರೂ ಹೋಗಿಲ್ಲ. ಮಂದಿ ಬಾಯಾಗ ನಾನ ಹೊಂಟೇನಿ. ಬೋಳಸು.”

ತಿರುಗಿ ಬರುವಾಗ ದಾರಿಯಲ್ಲಿ ಇಬ್ಬರು ಕಣ್ಣೊರೆಸಿಕೊಂಡು ಸಮಾಧಾನ ಹೇಳಿದರು. ಇನ್ನೊಬ್ಬ ಮಾಲೆ ತರಲು ಪೇಟೆಗೇ ಓಡಿದ. ಅತ್ತ ಖಾನಾಪುರದಲ್ಲಿ ಅಪ್ಪ ಕಟ್ಟೆಯ ಮೇಲೆ ಕೂತು ಆರಾಮಾಗಿ ಎಲೆ ಮೆಲ್ಲುತ್ತಿದ್ದರು.

ಪ್ರದರ್ಶನಕ್ಕೆ ಸಾಹೇಬರು ಆಗಲೇ ಬಂದಿದ್ದರು. ರಾಯರು ಗುಂಪು ಸೀಳಿಕೊಂಡು ಹೋಗಿ, ಚಿತ್ರದತ್ತ ತಿರುಗಿಯೂ ನೋಡದೆ, ಅದಕ್ಕೆ ಬೆನ್ನು ಮಾಡಿ ಎದೆ ಸೆಟೆಸಿ ನಿಂತರು.

“ಹೋಲಿಸಿ ನೋಡ್ರಿ ಸಾಹೇಬ್ರ. ಮಂದಿ ಇದು ನಾ ಅಂತಾರ.”

ಸಾಹೇಬರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಚಿತ್ರ ಬರೆದ ಹುಡುಗಿ ಕುಮುದಿನಿ ರಬ್ಬರು ಹಿಡಿದುಕೊಂಡೇ ಮುಂದೆ ಬಂದಳು.

“ಸಿಟ್ಟಾಗಬ್ಯಾಡ್ರಿ ಕಾಕಾ. ಮೀಶಿ ನೋಡಿ ನೀವು ಭಾಳ ನೊಂದೀರಿ ಅಂತ ಗುರುಪಾದಪ್ಪನವರು ಹೇಳಿದ್ರು. ಅದಕ್ಕ ಅಳಿಸಿಬಿಟ್ಟೇನಿ.”

ರಾಯರು ನಿಧಾನವಾಗಿ ತಿರುಗಿದರು. ಗೋಡೆಯ ಮೇಲೆ, ಅವರಷ್ಟೇ ಬೋಳು ಮೇಲ್ದುಟಿಯವನು ಬಾಯಿ ತೆರೆದು ಮಲಗಿದ್ದ.

“ಮೀಶಿ ಇದ್ದಿದ್ರ ಯಾರರ ಇರಬಹುದು ಅಂತಿದ್ದೆ,” ಎಂದರು ಸಾಹೇಬರು. “ಈಗ ಸಂಶೇನ ಇಲ್ಲ.”

ರಾಯರು ಎದೆ ಇಳಿಸಲಿಲ್ಲ.

“ಇರಲಿ ಬಿಡ್ರಿ. ಆದ್ರ ಅಂವ ಮಲಗ್ಯಾನ, ನಾ ಎದ್ದ ನಿಂತೇನಿ. ಅದನ್ನೂ ನೋಡ್ರಿ.”