ಹಿಂದಿನ ಬೆಂಚಿನ ಭಾವ

ನಮ್ಮ ಭಾವ ನಾಲ್ಕನೇ ಕ್ಲಾಸಿನಲ್ಲಿ ಓದುತ್ತಿದ್ದಾರೆ. ವಯಸ್ಸು ನಲವತ್ತು ದಾಟಿದೆ, ಮುಂದಲೆ ಬೋಳಾಗಿದೆ, ಮಸ್ಕತ್ತಿನ ಅಲ್ ಮವಾಲೇಹ್‌ನಲ್ಲಿ ಪಾಲುದಾರಿಕೆಯ ಅಂಗಡಿಯಿದೆ, ಹೆಂಡತಿಯೂ ಇದ್ದಾಳೆ (ನನ್ನ ಸ್ವಂತ ಅಕ್ಕ, ಪಾಪ!). ಆದರೂ ದಿನಾ ಬೆಳಿಗ್ಗೆ ಇಸ್ತ್ರಿ ಹಾಕಿದ ಶರಟು ತೊಟ್ಟು, ಇರುವಷ್ಟು ಕೂದಲನ್ನು ಬಾಚಿ, ನೀರಿನ ಬಾಟಲಿ ಹಿಡಿದು ತಪ್ಪದೆ ಕ್ಲಾಸಿಗೆ ಹೋಗುತ್ತಾರೆ. ಎಲ್ಲಿಗೆ ಅಂತೀರಾ? ತಮ್ಮದೇ ಫ್ಲಾಟಿನ ಹಾಲ್‌ಗೆ!

ನಿಜವಾಗಿ ಓದುವವಳು ಅವರ ಮಗಳು ದಿಶಾ. ಅವಳಿಗೆ ಶಾಲೆ ಬಿಡಿಸಿ ಮನೆಯಲ್ಲೇ ಕೂರಿಸಿ ಆನ್‌ಲೈನ್ ಕ್ಲಾಸು ಕೊಡಿಸಿದ್ದಾರೆ. ಇದರಲ್ಲಿ ವಿಶೇಷವೇನು, ಈಗ ಎಷ್ಟೋ ಜನ ಹಾಗೆ ಮಾಡುತ್ತಾರೆ ಎನ್ನಬಹುದು ನೀವು. ನಮ್ಮ ಭಾವನ ವ್ಯಾಪಾರ ಏನೆಂದು ಹೇಳಲಿಲ್ಲ ನೋಡಿ. ಶಾಲಾ ಯೂನಿಫಾರ್ಮ್ ಮಾರುವುದು! ಊರ ಮಕ್ಕಳಿಗೆಲ್ಲ ಟೈ, ಬೆಲ್ಟು, ಬ್ಯಾಡ್ಜು ತೊಡಿಸಿ ಶಾಲೆಗೆ ಅಟ್ಟಿ, ಆ ದುಡ್ಡಿನಲ್ಲಿ ಊಟ ಮಾಡುವ ಮನುಷ್ಯ ಸ್ವಂತ ಮಗಳಿಗೆ ಶಾಲೆ ಬೇಡ ಎಂದುಬಿಟ್ಟರು. ಅಂಗಡಿಯ ಪಾಲುದಾರ, ಉಪ್ಪಿನಂಗಡಿ ಕಡೆಯ ಬ್ಯಾರಿ ಸಾಹೇಬರು, ಸುದ್ದಿ ಕೇಳಿ ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತರಂತೆ. "ನೀವು ಮಾಡಿದ್ದನ್ನು ಎಲ್ಲರೂ ಮಾಡಿದ್ರೆ ನಾವು ಎಂತ ಮಾರುವುದು ಮಾರಾಯ್ರೆ, ನೈಟಿಯಾ?"

ಕಾರಣ ಇತ್ತು. ದಿಶಾ ಮನೆಯಲ್ಲಿ ಬಾಯಿ ತೆರೆದರೆ ಮುಚ್ಚುವವಳಲ್ಲ. ಚಿಕ್ಕಮ್ಮನ, ಅಂದರೆ ನನ್ನ, ಚಪಾತಿ ಯಾವ ದೇಶದ ಭೂಪಟದ ಹಾಗಿದೆ ಎಂದು ದಿನಾ ಘೋಷಿಸುವವಳು ಅವಳೇ. ಆದರೆ ಮೂರನೇ ಕ್ಲಾಸಿನಲ್ಲಿರುವಾಗ ಶಾಲೆಯ ವೇದಿಕೆಯಲ್ಲಿ ಪದ್ಯ ಹೇಳಲು ನಿಂತು ನಡುವೆ ಮರೆತಳು. ಸಭೆಯೆಲ್ಲ ನಕ್ಕಿತು. ಮಕ್ಕಳು ಮರೆಯುತ್ತಾರೆ, ಜನ ನಗುತ್ತಾರೆ, ಅದೇನು ದೊಡ್ಡ ಸಂಗತಿ ಎಂದು ನಾವು ಅಂದುಕೊಂಡೆವು. ಅವಳು ಹಾಗೆ ಅಂದುಕೊಳ್ಳಲಿಲ್ಲ. ಮರುದಿನದಿಂದ ಮನೆಯ ಹೊಸ್ತಿಲು ದಾಟಿದರೆ ಒಂದಕ್ಷರ ಆಡುತ್ತಿರಲಿಲ್ಲ. ಶಾಲೆಯವರಿಗೆ ಇದು ತೊಂದರೆ ಅನ್ನಿಸಲೇ ಇಲ್ಲ. "ಎಷ್ಟು ಶಿಸ್ತಿನ ಹುಡುಗಿ!" ಎಂದು ಹೊಗಳಿ ಕಳಿಸಿದರು. ಡಾಕ್ಟರು ಮಾತ್ರ, ಒತ್ತಾಯ ಮಾಡಬೇಡಿ, ಸಮಯ ಕೊಡಿ ಎಂದರು. ಭಾವ ಸಮಯ ಕೊಡುವ ಬದಲು ಶಾಲೆಯನ್ನೇ ಮನೆಗೆ ತಂದರು.

ಅದೇ ಕಟ್ಟಡದಲ್ಲಿ ಒಂದು ಮಾಳಿಗೆ ಕೆಳಗೆ ನನ್ನ ಮನೆ. ನನ್ನ ಫಾರ್ಮಸಿ ಕೆಲಸ ಮಧ್ಯಾಹ್ನದ ಮೇಲೆ. ಹಾಗಾಗಿ ಜಗಳಕ್ಕೆ ಬೆಳಿಗ್ಗೆಯೆಲ್ಲ ಬಿಡುವು.

"ಯಾರ ಹತ್ತಿರವೂ ಮಾತಾಡದ ಮಗುವನ್ನು ಯಾರೂ ಇಲ್ಲದ ಮನೆಯಲ್ಲಿ ಕೂರಿಸಿದ್ರೆ ಮಾತು ಬರ್ತದಾ ಭಾವ? ಎಂತ ತಲೆ ನಿಮ್ಮದು!"

"ಯಾರೂ ಇಲ್ಲ ಅಂತ ಹೇಳಿದ್ದು ಯಾರು? ಬೆಳಿಗ್ಗೆ ಅಂಗಡಿ ಸಾಹೇಬ್ರು ನೋಡ್ತಾರೆ, ಮನೆಯಲ್ಲಿ ನಾನಿಲ್ವಾ?"

ಅಕ್ಕ ಒಂದು ಕ್ಲಿನಿಕ್ಕಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವವಳು, ಮಾತು ಕಡಿಮೆ, ಲೆಕ್ಕ ಖಡಕ್ಕು. "ಒಂದು ವರ್ಷ ನೋಡುವ," ಎಂದಳು. "ಬರುವ ಏಪ್ರಿಲ್ ಒಳಗೆ ಆ ಆನ್‌ಲೈನ್ ಮಿಸ್ಸಿನ ಹತ್ತಿರ ಅವಳು ಒಂದೇ ಒಂದು ಮಾತಾಡ್ಲಿ, ಸಾಕು. ಇಲ್ಲದಿದ್ರೆ ಪುನಃ ಶಾಲೆಗೆ. ಮತ್ತೆ ನನ್ನ ಹತ್ತಿರ ಎಂತದೂ ಹೇಳ್ಲಿಕ್ಕಿಲ್ಲ." ಭಾವ ಒಪ್ಪಿದರು. ಒಪ್ಪದೆ ಎಲ್ಲಿಗೆ ಹೋಗುತ್ತಾರೆ?

ಈ ಆನ್‌ಲೈನ್ ಶಾಲೆಯ ಬಗ್ಗೆ ಎರಡು ಮಾತು. ಮಿಸ್ಸು ಇರುವುದು ಮೈಸೂರಿನಲ್ಲಿ. ಮಕ್ಕಳು ಬೆರಳೆಣಿಕೆಯಷ್ಟು. ಒಬ್ಬಳು ದೋಹಾದಲ್ಲಿ, ಅವಳಿ ಹುಡುಗರಿಬ್ಬರು ಹುಬ್ಬಳ್ಳಿಯಲ್ಲಿ, ಇನ್ನೊಬ್ಬ ನೈರೋಬಿಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಪೈಜಾಮದಲ್ಲೇ ಹಾಜರಾಗುವವನು. ಬೆಳಿಗ್ಗೆ ಪರದೆಯ ಮೇಲೆ ಎಲ್ಲರ ಮುಖ ಮೂಡುತ್ತದೆ, ಮಿಸ್ಸು ಹೆಸರು ಕರೆಯುತ್ತಾರೆ, ಮಕ್ಕಳು ಮೈಕು ತೆರೆದು "ಪ್ರೆಸೆಂಟ್ ಮಿಸ್" ಎನ್ನುತ್ತಾರೆ. ಪಾಠ ಮುಗಿದ ಮೇಲೆ ಲೆಕ್ಕ ಬಿಡಿಸಿ, ಫೋಟೋ ತೆಗೆದು ಕಳಿಸಬೇಕು. ದಿಶಾಳ ಮೈಕು ಮಾತ್ರ ಸದಾ ಬಂದ್. ಹೆಸರು ಕರೆದಾಗ ಪ್ರೆಸೆಂಟ್‌ಗೆ 'ಪಿ' ಎಂಬ ಒಂದು ಇಂಗ್ಲಿಷ್ ಅಕ್ಷರ ಟೈಪು ಮಾಡಿ ಕಳಿಸುವಳು, ಅಷ್ಟೇ. ಮಿಸ್ಸು ಒಳ್ಳೆಯವರು, ಒಂದು ದಿನವೂ ಯಾಕೆಂದು ಕೇಳಲಿಲ್ಲ.

ಇಷ್ಟು ಸರಳ ವ್ಯವಸ್ಥೆಯನ್ನು ಸರಳವಾಗಿ ಬಿಟ್ಟರೆ ಅವರು ನಮ್ಮ ಭಾವ ಹೇಗಾದಾರು? ಮೊದಲ ವಾರವೇ ಮಗಳಿಗೆ ಯೂನಿಫಾರ್ಮ್ ಹೊಲಿಸಿದರು. ಇಲ್ಲದ ಶಾಲೆಗೆ ಬ್ಯಾಡ್ಜು ಬೇರೆ! ಬ್ಯಾಡ್ಜಿನಲ್ಲಿ ದೀಪ, ಪುಸ್ತಕ, ಕೆಳಗೆ ಫ್ಲಾಟ್ ನಂಬರು. ಪ್ರತಿದಿನ ಅವಳು ಶೂ ಹಾಕಿ, ಬ್ಯಾಗು ಹೊತ್ತು, ಅಪ್ಪನ ಕೈ ಹಿಡಿದು ಲಿಫ್ಟಿನಲ್ಲಿ ಕೆಳಗಿಳಿಯಬೇಕು. ಕಟ್ಟಡಕ್ಕೆ ಒಂದು ಸುತ್ತು ಹಾಕಿ ಮೆಟ್ಟಿಲು ಹತ್ತಿ ಅದೇ ಮನೆಗೆ ವಾಪಸ್ಸು. ಇದು ಶಾಲಾ ಪ್ರಯಾಣ. ಮೇ ತಿಂಗಳ ಮಸ್ಕತ್ತಿನಲ್ಲಿ, ಬೆಳಿಗ್ಗೆಯೇ ಡಾಂಬರು ಕಾದಿರುವಾಗ! "ಮಲಗಿದ ಕಡೆಯಿಂದ ಎದ್ದು ಹಾಗೇ ಕ್ಲಾಸಿಗೆ ಕೂತ್ರೆ ಅದು ಶಾಲೆ ಆಗ್ತದಾ? ಹೋಗಿ ಬಂದ ಹಾಗೆ ಆಗ್ಬೇಕಲ್ಲ!" ಎಂಬುದು ಅವರ ವಾದ.

ನಮ್ಮ ಬಾಂಗ್ಲಾದೇಶದ ವಾಚ್‌ಮನ್ ಕೆಲವು ದಿನ ನೋಡಿದ. ಕೊನೆಗೆ ತಡೆಯಲಾರದೆ ಕೇಳಿದ, "ಸಾಬ್, ಬೇಬಿ ಕಾ ಸ್ಕೂಲ್ ಕಿಧರ್ ಹೈ?" ಭಾವ ಗಂಭೀರವಾಗಿ ಮೇಲಕ್ಕೆ ಬೆರಳು ತೋರಿಸಿದರು. "ಊಪರ್. ತೀಸರಾ ಮಾಲಾ." ಆ ವಾರಾಂತ್ಯದಲ್ಲಿ ಪಕ್ಕದ ಬ್ಲಾಕಿನ ಇಬ್ಬರು ತಾಯಂದಿರು ಬಂದು, ಯುಕೆಜಿಗೆ ಸೀಟು ಉಂಟಾ ಎಂದು ಅಕ್ಕನನ್ನು ವಿಚಾರಿಸಿ ಹೋದರು.

ಶಾಲೆಯೆಂದ ಮೇಲೆ ಗಂಟೆ ಬೇಡವೇ? ಸ್ಟೀಲಿನ ಹರಿವಾಣ, ದಪ್ಪ ಸೌಟು. ಪೀರಿಯಡ್ಡಿಗೊಮ್ಮೆ ಭಾವ ಬಾಲ್ಕನಿಯಲ್ಲಿ ನಿಂತು ಬಾರಿಸಿದರೆ ಎದುರಿನ ಮಸೀದಿಯ ಪಾರಿವಾಳಗಳೆಲ್ಲ ಎದ್ದು ಹಾರುತ್ತಿದ್ದವು. ಪಕ್ಕದ ಫ್ಲಾಟಿನ ಈಜಿಪ್ಟಿನ ಅಜ್ಜಿ ಜಗಳಕ್ಕೆಂದೇ ಬಾಗಿಲು ತಟ್ಟಿದರು. ಒಳಗೆ ನೋಡಿದರೆ ಯೂನಿಫಾರ್ಮ್ ತೊಟ್ಟು ಒಬ್ಬಳೇ ಕೂತ ಹುಡುಗಿ. ಅಜ್ಜಿ ಏನು ಅರ್ಥ ಮಾಡಿಕೊಂಡರೋ, ಬಂದ ದಾರಿಯಲ್ಲೇ ಹಿಂದಿರುಗಿದರು. ಮರುದಿನ ರಿಸೆಸ್ಸಿನ ಗಂಟೆ ಬಾರಿಸಿದ್ದೇ ತಡ, ಒಂದು ತಟ್ಟೆ ಖರ್ಜೂರ ಹಿಡಿದು ನಿಂತಿದ್ದರು. ಅಂದಿನಿಂದ ಅದೇ ಪದ್ಧತಿ. ದಿಶಾ ಖರ್ಜೂರ ತೆಗೆದುಕೊಂಡು ತಲೆಯಾಡಿಸುವಳು, ಅಜ್ಜಿ ಅವಳ ಗಲ್ಲ ಸವರಿ ಹೋಗುವರು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಿಸ್ಸಿನ ವೇಳಾಪಟ್ಟಿ ಭಾರತದ ಗಡಿಯಾರದ್ದು. ಅದು ನಮಗಿಂತ ಒಂದೂವರೆ ಗಂಟೆ ಮುಂದೆ. ಬುದ್ಧಿಯಿರುವವರು ಮನಸ್ಸಿನಲ್ಲೇ ಒಂದೂವರೆ ಗಂಟೆ ಕಳೆದುಕೊಳ್ಳುತ್ತಾರೆ. ಭಾವ ಇಡೀ ಮನೆಯನ್ನೇ ಭಾರತಕ್ಕೆ ಸ್ಥಳಾಂತರಿಸಿದರು! ಹಾಲ್‌ನ ಗಡಿಯಾರ, ಒಲೆಯ ಗಡಿಯಾರ, ಅಕ್ಕನ ಅಲಾರಾಂ, ಎಲ್ಲ ಭಾರತದ್ದು. ಹೊಸ್ತಿಲಿನ ಆಚೆ ಮಾತ್ರ ಒಮಾನ್. ಒಮಾನಿಗೆಲ್ಲ ರಜೆಯಾದ ಶುಕ್ರವಾರ ಇವರ ಮನೆಯಲ್ಲಿ ಪಾಠ. ಊರೆಲ್ಲ ಕೆಲಸಕ್ಕೆ ಓಡುವ ಭಾನುವಾರ ಅಪ್ಪ ಮಗಳು ಸೀಬ್ ಕಡಲತೀರದಲ್ಲಿ ಗಾಳಿಪಟ ಹಾರಿಸುತ್ತಿದ್ದರು, ಸುತ್ತ ಒಂದು ನರಪಿಳ್ಳೆಯೂ ಇಲ್ಲದೆ.

ಒಂದು ಶುಕ್ರವಾರ ಬ್ಯಾರಿ ಸಾಹೇಬರನ್ನು ಕುಟುಂಬ ಸಮೇತ ಊಟಕ್ಕೆ ಕರೆದರು. "ಒಂದು ಗಂಟೆಗೆ ಸರಿಯಾಗಿ ಬನ್ನಿ ಸಾಹೇಬ್ರೆ." ಅವರು ಜುಮಾ ನಮಾಜು ಮುಗಿಸಿ, ಹಲ್ವದ ಡಬ್ಬಿ ಹಿಡಿದು, ಒಂದಕ್ಕೆ ಸರಿಯಾಗಿ ಬಂದರು. ಮನೆಯಲ್ಲಿ ಪಾತ್ರೆ ತೊಳೆದು ಬೋರಲು ಹಾಕಿ ಆಗಿತ್ತು. ಭಾವ ಸೋಫಾದಲ್ಲಿ ಒರಗಿ ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತಿದ್ದರು.

"ಎಂತ ಸಾಹೇಬ್ರೆ ಇಷ್ಟು ಲೇಟು? ಕಾದು ಕಾದು ನಾವು ಊಟ ಮಾಡಿಯೇಬಿಟ್ಟೆವು!"

ಸಾಹೇಬರು ತಮ್ಮ ಕೈಗಡಿಯಾರ ನೋಡಿದರು, ಗೋಡೆಯ ಗಡಿಯಾರ ನೋಡಿದರು, ಅಕ್ಕನ ಮುಖ ನೋಡಿದರು. "ಇನ್ನು ನಿಮ್ಮ ಮನೆಗೆ ಬರುವಾಗ ಪಾಸ್‌ಪೋರ್ಟ್ ತರ್ಬೇಕಾ ಮಾರಾಯ್ರೆ?"

ಅಕ್ಕ ಕೋಳಿ ಬಿಸಿ ಮಾಡಲು ಹೋದಳು. ಆ ದಿನ ಅವಳು ಸೌಟು ಹಿಡಿದ ರೀತಿ ನೋಡಿ ಭಾವ ಸ್ವಲ್ಪ ದೂರವೇ ನಿಂತಿದ್ದರು.

ಈಗ ಬೆಂಚಿನ ವಿಷಯಕ್ಕೆ ಬರುತ್ತೇನೆ. ಮಗಳು ಒಬ್ಬಳೇ ಕೂತರೆ ಕ್ಲಾಸು ಅನ್ನಿಸುವುದಿಲ್ಲವೆಂದು, ಗಿರಾಕಿಗಳು ಶೂ ಹಾಕಿ ನೋಡಲು ಅಂಗಡಿಯಲ್ಲಿಟ್ಟಿದ್ದ ಮರದ ಬೆಂಚನ್ನು ಹೊರಿಸಿ ತಂದು ಅವಳ ಹಿಂದೆ ಹಾಕಿದರು. ಅದರ ಮೇಲೆ ತಾವೇ ಕೂತರು. ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಮಿಸ್ಸು ಪ್ರಶ್ನೆ ಕೇಳಿದರೆ ಎಲ್ಲರಿಗಿಂತ ಮೊದಲು ಕೈ ಎತ್ತಿ, ಮುಂದೆ ಬಾಗಿ ಮೈಕು ತೆರೆದು ಉತ್ತರ ಹೇಳುತ್ತಿದ್ದರು. ಅರ್ಧ ತಪ್ಪು! ಒಮ್ಮೆ ಹಾಗೆ ತೆರೆದ ಮೈಕನ್ನು ಮುಚ್ಚಲು ಮರೆತು, ಮತ್ರಾ ಪೇಟೆಯ ಬಟ್ಟೆ ವ್ಯಾಪಾರಿಗೆ ಫೋನಿನಲ್ಲಿ ದಬಾಯಿಸಿದರು. "ಬಾಯಿ ಮಾತು ಖಲಾಸ್! ಮರೂನ್ ಟೈ ಬರದಿದ್ರೆ ನಮ್ಮ ನಿಮ್ಮ ಸಂಬಂಧವೂ ಖಲಾಸ್!" ಮರುದಿನ ಹತ್ತರಲ್ಲಿ ಹತ್ತು ಕಳೆದರೆ ಎಷ್ಟು ಎಂದು ಮಿಸ್ಸು ಕೇಳಿದಾಗ ನೈರೋಬಿಯ ಹುಡುಗ ಕಣ್ಣರಳಿಸಿ ಹೇಳಿದ, "ಖಲಾಸ್ ಮಿಸ್!"

ಪೋಷಕರ ಸಭೆಯ ದಿನ ಮಿಸ್ಸು ಅಕ್ಕನೊಡನೆ ಬಹಳ ಸಂಕೋಚದಿಂದ ಮಾತಾಡಿದರು. "ದಿಶಾ ಬಗ್ಗೆ ಏನೂ ಕಂಪ್ಲೇಂಟ್ ಇಲ್ಲ ಮೇಡಂ, ಚೆನ್ನಾಗಿ ಬರೀತಾಳೆ. ಹಿಂದಿನ ಬೆಂಚಿನವರದ್ದೇ ಸ್ವಲ್ಪ ಗಲಾಟೆ ಜಾಸ್ತಿ."

"ನಾನು ಕೈ ಎತ್ತಿಯೇ ಮಾತಾಡಿದ್ದು!" ಎಂದು ಹಿಂದಿನಿಂದ ಆಕ್ಷೇಪಣೆ ಬಂತು.

ಮಿಸ್ಸಿಗೂ ತಾಳ್ಮೆ ಮುಗಿದಿರಬೇಕು. ಹಾಗಿದ್ದರೆ ನಿಮ್ಮ ಹೆಸರನ್ನೂ ಹಾಜರಿಗೆ ಸೇರಿಸುತ್ತೇನೆ, ಕರೆದಾಗ ಮಾತ್ರ ಮಾತಾಡಬೇಕು ಎಂದರು. ಶಿಕ್ಷೆಯೆಂದು ಅವರು ಕೊಟ್ಟದ್ದನ್ನು ಭಾವ ಪದವಿಯೆಂದು ಸ್ವೀಕರಿಸಿದರು! ಅಂದಿನಿಂದ ಹಾಜರಿಯ ಕೊನೆಯಲ್ಲಿ "ದಿಶಾನ ಪಪ್ಪ?" ಎಂದು ಕರೆದ ಕೂಡಲೇ, ಮೈಕು ತೆರೆದು, ಎದ್ದು ನಿಂತು, "ಪ್ರೆಸೆಂಟ್ ಮಿಸ್!" ಎಂದು ಕೂಗುತ್ತಿದ್ದರು. ಜ್ವರ ಬಂದ ದಿನವೂ ಕಂಬಳಿ ಹೊದ್ದು ಬಂದು ಕೂಗಿದರು. "ನನ್ನದು ಒಂದು ಆಬ್ಸೆಂಟ್ ಇಲ್ಲ, ಗೊತ್ತುಂಟಾ?" ಎಂದು ಮಗಳ ಹತ್ತಿರ ಕೊಚ್ಚಿಕೊಳ್ಳುತ್ತಿದ್ದರು. ಮಗಳು ಮಾತ್ರ ತನ್ನ ಅಕ್ಷರ ಟೈಪು ಮಾಡುತ್ತಲೇ ಇದ್ದಳು.

ಹಾಗೆ ವರ್ಷ ಮುಗಿಯುತ್ತ ಬಂತು. ಏಪ್ರಿಲ್ ಎಂದರೆ ಇಲ್ಲಿಯ ಇಂಡಿಯನ್ ಶಾಲೆಗಳು ತೆರೆಯುವ ಕಾಲ, ಭಾವನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದಿಶಾ ಒಂದು ಮಾತೂ ಆಡಿರಲಿಲ್ಲ. ಭಾನುವಾರ ಶಾಲೆಗೆ ಹೋಗಿ ಪುನಃ ಸೇರಿಸುವುದೆಂದು ಅಕ್ಕ ಹೇಳಿಯಾಗಿತ್ತು. ಭಾವ ಅಷ್ಟೊಂದು ಜನರ ಮಕ್ಕಳಿಗೆ ಅಳತೆ ತೆಗೆಯುವ ಗಡಿಬಿಡಿಯಲ್ಲೇ ದಿಶಾಳ ಅಳತೆಯ ಒಂದು ಜೊತೆಯನ್ನು ಪೊಟ್ಟಣ ಕಟ್ಟಿ ತಂದು ಕಪಾಟಿನ ಮೇಲಿಟ್ಟರು, ಹಳೆಯ ಶಾಲೆಯ ಯೂನಿಫಾರ್ಮ್. ಆ ಪೊಟ್ಟಣ ನೋಡಿದ ದಿನದಿಂದ ದಿಶಾ ಮನೆಯಲ್ಲೂ ಮಾತು ಕಡಿಮೆ ಮಾಡಿದಳು. ನನ್ನ ಚಪಾತಿಯನ್ನು ಸುಮ್ಮನೆ ತಿಂದು ಎದ್ದಳು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಆ ಭಾನುವಾರಕ್ಕೆ ಮುಂಚಿನ ಗುರುವಾರ ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೋಗಿದ್ದಳು. ನಾನು ಇಡ್ಲಿ ಕೊಡಲೆಂದು ಮೇಲೆ ಹೋದೆ. ಕ್ಲಾಸು ಶುರುವಾಗಿತ್ತು. ಭಾವ ತಮ್ಮ ಬೆಂಚಿನಲ್ಲೇ ಇದ್ದರು. ಇಸ್ತ್ರಿ ಶರಟು, ಬಾಚಿದ ತಲೆ, ಮಡಿಲಲ್ಲಿ ನೀರಿನ ಬಾಟಲಿ. ಆದರೆ ತಲೆ ಗೋಡೆಗೆ ಒರಗಿ, ಬಾಯಿ ತೆರೆದು, ಗಾಢ ನಿದ್ದೆ. ವಾರವಿಡೀ ಕ್ಲಾಸು ಮುಗಿಸಿ ಹೋಗಿ, ನಡುರಾತ್ರಿಯವರೆಗೆ ಅಂಗಡಿಯಲ್ಲಿ ನಿಂತೇ ಕಾಲ ಕಳೆದಿದ್ದರು.

ಮಿಸ್ಸು ಹೆಸರು ಕರೆಯುತ್ತ ಬಂದರು. ದಿಶಾ ಟೈಪು ಮಾಡಿದಳು. ಕೊನೆಗೆ, "ದಿಶಾನ ಪಪ್ಪ?"

ಹಿಂದಿನ ಬೆಂಚಿನಿಂದ ಗೊರಕೆ.

"ದಿಶಾನ ಪಪ್ಪ? ಏನಿದು, ಇವತ್ತು ಆಬ್ಸೆಂಟಾ?"

ಪರದೆಯ ಮೇಲೆ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಇಂಥದೇ ನಗುವಿನಿಂದ ತಾನೇ ಈ ಮಗುವಿನ ಬಾಯಿ ಕಟ್ಟಿದ್ದು! ಭಾವನನ್ನು ಎಬ್ಬಿಸಲು ನಾನು ಹೆಜ್ಜೆ ಇಟ್ಟೆ. ದಿಶಾ ಹಿಂದೆ ತಿರುಗಿ ಅಪ್ಪನನ್ನು ನೋಡಿದಳು. ನನ್ನ ಕಡೆ ನೋಡಿ ಬೇಡ ಎಂದು ಕೈಯಾಡಿಸಿದಳು. ಆಮೇಲೆ ಪರದೆಗೆ ತಿರುಗಿ ಮೈಕು ತೆರೆದಳು.

"ಪ್ರೆಸೆಂಟ್ ಮಿಸ್," ಎಂದಳು. ದನಿ ಸಣ್ಣಗಿತ್ತು, ನಡುಗುತ್ತಿತ್ತು. "ಪಪ್ಪ ಪ್ರೆಸೆಂಟ್. ಮಲಗಿದ್ದಾರೆ, ಅಷ್ಟೇ. ಪ್ಲೀಸ್ ಮಿಸ್, ಆಬ್ಸೆಂಟ್ ಹಾಕ್ಬೇಡಿ."

ನಗು ನಿಂತಿತು. ಮಿಸ್ಸು ಕನ್ನಡಕ ಸರಿಮಾಡಿಕೊಂಡರು. "ಹಾಕಲ್ಲ ಕಣಮ್ಮ," ಎಂದರು. "ಪ್ರೆಸೆಂಟ್ ಅಂತಲೇ ಬರ್ಕೊಂಡೆ." ಮತ್ತೆ ಆ ದಿನದ ಪಾಠವನ್ನೆಲ್ಲ ಮೆಲ್ಲನೆಯ ದನಿಯಲ್ಲೇ ಮಾಡಿದರು. ನಾನು ಇಡ್ಲಿ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತು ಅತ್ತೆ. ಒಂದು ವರ್ಷ ಈ ಮನುಷ್ಯ ಕಾದು ಕೂತದ್ದು ಇದೊಂದಕ್ಕೇ, ಅದು ಬಂದಾಗ ಗೊರಕೆ ಹೊಡೆಯುತ್ತಿದ್ದಾರಲ್ಲ ದೇವರೇ!

ಎಚ್ಚರವಾದಾಗ ಭಾವ ಗಡಬಡಿಸಿ ಎದ್ದರು. ಬಾಟಲಿ ಉರುಳಿತು.

"ಅಯ್ಯೋ, ನನ್ನ ಹಾಜರಿ! ಕರೆದ್ರಾ?"

"ಕರೆದ್ರು. ಪ್ರೆಸೆಂಟ್ ಹಾಕಿದ್ದಾರೆ," ಎಂದೆ.

"ಯಾರು ಹೇಳಿದ್ದು? ನೀನಾ?"

ನಾನು ದಿಶಾಳ ಕಡೆ ತೋರಿಸಿದೆ. ಅವಳು ಏನೂ ಆಗದವಳಂತೆ ಪೆನ್ಸಿಲ್ ಕೆತ್ತುತ್ತಿದ್ದಳು. "ನಿಮ್ಮ ಗೊರಕೆ ಟೂ ಲೌಡ್ ಪಪ್ಪ," ಎಂದಳು.

ಭಾವ ಮಗಳನ್ನು ನೋಡಿದರು, ನನ್ನನ್ನು ನೋಡಿದರು. ನೇರ ಅಡುಗೆಮನೆಗೆ ಹೋಗಿ ಹರಿವಾಣ, ಸೌಟು ತಂದರು. ಭಾರತದ ಗಡಿಯಾರವನ್ನೂ ನೋಡಲಿಲ್ಲ, ಒಮಾನಿನದ್ದನ್ನೂ ನೋಡಲಿಲ್ಲ. ಬಾಲ್ಕನಿಯಲ್ಲಿ ನಿಂತು ಶಾಲೆ ಬಿಡುವ ಉದ್ದನೆಯ ಗಂಟೆ ಬಾರಿಸಿದರು, ಕಣ್ಣೊರೆಸಿಕೊಳ್ಳುವುದಕ್ಕೂ ನಿಲ್ಲಿಸದೆ. ಈಜಿಪ್ಟಿನ ಅಜ್ಜಿ ರಿಸೆಸ್ಸು ಬೇಗ ಬಂತೆಂದುಕೊಂಡು ಖರ್ಜೂರದ ತಟ್ಟೆ ಹಿಡಿದು ಓಡಿ ಬಂದರು.