ಹಕ್ಕರಕಿ ಪರದೇಶಿಯಾದ ಬಗ್ಗೆ ಒಂದು ಅಹವಾಲು

ದೇಶದ ಬೆಳೆ ಕೊಳ್ಳುವವರಿಗೆ ತೆರಿಗೆ ರಿಯಾಯಿತಿ ಕೊಡುವ ಯೋಜನೆಯ ಪರಿಶೀಲನಾಧಿಕಾರಿಗಳಾದ ಮಾನ್ಯರೇ,

ಗೋಕುಲ ರಸ್ತೆಯ ಬದಿಯ ಒಂದು ಸಣ್ಣ ಖಾನಾವಳಿಯಿಂದ ಸಾಷ್ಟಾಂಗ ನಮಸ್ಕಾರಗಳು. ಒಳಗೆ ರೊಟ್ಟಿ ಬಡಿಯುತ್ತಿರುವ ಸದ್ದನ್ನು ದಯವಿಟ್ಟು ಮಂಗಳವಾದ್ಯವೆಂದು ಭಾವಿಸಿ ಸ್ವೀಕರಿಸಬೇಕು.

ತಮ್ಮ ಯೋಜನೆಯ ಸುದ್ದಿ ಬಂದ ದಿನ ನಾನು ಹಿಗ್ಗಿದಷ್ಟು ನಮ್ಮ ರೊಟ್ಟಿಯೂ ಉಬ್ಬಿರಲಿಲ್ಲ. ನಮ್ಮ ರೈತರು ಬೆಳೆದದ್ದನ್ನೇ ಕೊಂಡು ಅಡುಗೆ ಮಾಡಿ ಬಡಿಸುವವರಿಗೆ ತೆರಿಗೆಯಲ್ಲಿ ಸೋಡಿ ಎಂದಿರಿ. ನಾವೋ ಜೋಳ, ಕಡಲೆ, ಉಳ್ಳಾಗಡ್ಡಿ, ಬದನೆಕಾಯಿ ಎಲ್ಲವನ್ನೂ ಸುತ್ತಲಿನ ಹಳ್ಳಿಗಳಿಂದಲೇ ತರುವವರು. ನಮ್ಮ ಅಡುಗೆಮನೆಯಲ್ಲಿ ವಿದೇಶದ್ದೆಂದರೆ ಭಾವಮೈದುನ ದುಬೈಯಿಂದ ತಂದ ಗೋಡೆ ಗಡಿಯಾರ ಒಂದೇ, ಅದೂ ನಿಂತಿದೆ. ಇಷ್ಟು ವರ್ಷ ಹೊಟ್ಟೆಪಾಡಿಗೆಂದು ಮಾಡಿದ್ದು ದೇಶಸೇವೆಯೂ ಆಗಿತ್ತೆಂದು ತಿಳಿಸಿಕೊಟ್ಟ ತಮಗೆ ನಾನು ಋಣಿ.

ಅರ್ಜಿ ಹಾಕಿದೆ. ತಾವು ಸ್ವತಃ ತಪಾಸಣೆಗೆ ದಯಮಾಡಿಸಿದಿರಿ, ಊಟಕ್ಕೂ ಕುಳಿತಿರಿ. ಎಣ್ಣೆಗಾಯಿಯನ್ನು ಎರಡನೆಯ ಸಲ ಹಾಕಿಸಿಕೊಂಡಾಗ ನನ್ನ ಅರ್ಜಿ ಅರ್ಧ ಮಂಜೂರಾಯಿತೆಂದೇ ನಾನು ತಿಳಿದೆ. ಆಗ ತಮ್ಮ ದೃಷ್ಟಿ ರೊಟ್ಟಿಯ ಪಕ್ಕದ ಹಸಿ ಹಕ್ಕರಕಿ ಸೊಪ್ಪಿನ ಮೇಲೆ ಬಿತ್ತು. ಇದರ ಖರೀದಿ ಚೀಟಿ ಎಲ್ಲಿ ಎಂದಿರಿ. ಇದು ಕೊಸರು ಎಂದೆ. ಕೊಸರು ಎಂಬುದು ಯಾವ ಕಂಪನಿ ಎಂದು ತಾವು ವಿಚಾರಿಸಿದಿರಿ.

ಆ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರ ಇಲ್ಲಿದೆ. ಹೆಬ್ಬಳ್ಳಿಯ ಮುತ್ತವ್ವ ದಿನವೂ ಮುಂಜಾನೆ ತಮ್ಮ ಹೊಲದ ಕಾಯಿಪಲ್ಲೆ ತರುತ್ತಾರೆ. ಬದನೆ, ಮೆಣಸಿನಕಾಯಿ ತೂಗುತ್ತಾರೆ, ಅವಕ್ಕೆ ಚೀಟಿಯನ್ನೂ ಕೊಡುತ್ತಾರೆ. ವ್ಯಾಪಾರ ಮುಗಿದು ರೊಕ್ಕ ಸೆರಗಿನ ಗಂಟು ಸೇರಿದ ಮೇಲೆ, ಯಾರೂ ಕೇಳದಿದ್ದರೂ, ಚೀಲದ ಮೇಲೊಂದು ದೊಡ್ಡ ಹಕ್ಕರಕಿ ಸೂಡು ಇಟ್ಟು ಹೋಗುತ್ತಾರೆ. ಅದೇ ಕೊಸರು. ತಮ್ಮ ನಿಯಮದಲ್ಲಿ ಚೀಟಿಯಿಲ್ಲದ ಬೆಳೆ ದೇಶದ ಬೆಳೆಯಲ್ಲವಂತೆ. ಹೀಗೆ ಹೆಬ್ಬಳ್ಳಿಯ ಎರೆಹೊಲದಲ್ಲಿ ಹುಟ್ಟಿದ ಸೊಪ್ಪು ಗೋಕುಲ ರಸ್ತೆಗೆ ಬರುವಷ್ಟರಲ್ಲಿ ಪರದೇಶಿಯಾಯಿತು, ಅದರೊಡನೆ ನನ್ನ ಅರ್ಜಿಯೂ ಪರದೇಶಿಯಾಯಿತು. ಅಷ್ಟು ಉಂಡರೂ ತಾವು ನಮ್ಮ ಸೊಪ್ಪಿಗೆ ಸೊಪ್ಪು ಹಾಕಲಿಲ್ಲ.

ಸೊಪ್ಪಿಗೂ ಚೀಟಿ ತಂದರೆ ಅರ್ಜಿ ಮುಂದೆ ಸಾಗುತ್ತದೆಂಬ ತಮ್ಮ ಮಾತು ಕಟ್ಟಿಕೊಂಡು ನಾನು ಮರುದಿನ ಮುತ್ತವ್ವನವರ ಬಳಿ ಕೊಸರಿಗೂ ಚೀಟಿ ಕೇಳಿದೆ. ಅವರು ತಕ್ಕಡಿ ಕೆಳಗಿಟ್ಟರು. “ಏನಂದ್ರೀ ಅಣ್ಣಾರ? ಕೊಸರಿಗೆ ಚೀಟಿ? ನಾಳೆ ನಿಮ್ಮನ್ಯಾಗ ಒಂದು ತಂಬಿಗಿ ನೀರು ಕುಡುದ್ರ ಅದಕ್ಕೂ ಸಹಿ ಮಾಡಸ್ಕೋತೀರೇನು?” ಎಂದರು. ಹಾಗಾದರೆ ರೊಕ್ಕ ತೆಗೆದುಕೊಂಡೇ ಕೊಡಿ ಎಂದು ನಾನು ಇನ್ನೂ ಜಾಣನಾದೆ. “ಮಾರಾಕ ಬದನಿಕಾಯಿ ಅದಾವಲ್ರಿ. ಇದು ಮಾರೂದಲ್ಲ, ಕೊಡೂದು” ಎಂದವರೇ, ತಕ್ಕಡಿಯಲ್ಲಿ ಹೆಚ್ಚಾಗಿದ್ದ ಒಂದು ಮೆಣಸಿನಕಾಯಿಯನ್ನೂ ಎತ್ತಿ ಬುಟ್ಟಿಗೆ ಹಾಕಿಕೊಂಡು, ನನ್ನ ಮುಖ ನೋಡದೆ ಹೊರಟರು. ತಿನ್ನದ ಮೆಣಸಿನಕಾಯಿ ಅಷ್ಟು ಖಾರವಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಅಂದಿನಿಂದ ನಮ್ಮ ತಾಟಿನಿಂದ ಹಸಿರು ಹೋಯಿತು. ಪಕ್ಕದ ಗ್ಯಾರೇಜಿನ ಶಾಬುದ್ದೀನ ನಮ್ಮಲ್ಲಿ ತಪ್ಪದೆ ಊಟ ಮಾಡುವವನು. “ಏನ್ರೀ ಕಾಕಾ, ತಾಟು ಬೋಳ ಬೋಳ ಕಾಣಾಕತ್ತೈತಿ? ಹಕ್ಕರಕಿ ಊರಿಗೆ ಹೋಗೈತೇನು?” ಎಂದ. ಅದಕ್ಕೆ ಪಾಸ್‌ಪೋರ್ಟ್ ಸಿಕ್ಕಿಲ್ಲಪ್ಪಾ ಎಂದೆ. “ಹಂಗಾದ್ರ ನಾಳಿಂದ ನಾನೂ ಎದುರಿನ ಖಾನಾವಳಿ ದೇಶಕ್ಕ ಹೊಂಟೆ” ಎಂದು ಕೈ ತೊಳೆದುಕೊಂಡ. ನನ್ನ ಹೆಂಡತಿ ರಾಜೇಶ್ವರಿ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು: “ಸೋಡಿ ಬೇಕೋ, ಮುತ್ತವ್ವ ಬೇಕೋ? ಲಗೂ ಹೇಳ್ರಿ, ಹಂಚಿನ ಮ್ಯಾಲ ರೊಟ್ಟಿ ಐತಿ.”

ಆದ್ದರಿಂದ ಮಾನ್ಯರೇ, ತಾವು ಹಕ್ಕರಕಿಯನ್ನೇ ಕಚೇರಿಗೆ ಕರೆಸಿ ವಿಚಾರಣೆ ಮಾಡಬೇಕು. ಬೇರಿಗಂಟಿದ ಕರಿಮಣ್ಣು ತನ್ನ ಊರನ್ನು ತಾನೇ ಹೇಳುತ್ತದೆ. ಅದಾಗದಿದ್ದರೆ ತಮ್ಮ ಸಿಬ್ಬಂದಿಯನ್ನೆಲ್ಲ ಮುತ್ತವ್ವನವರ ಬುಟ್ಟಿಯ ಮುಂದೆ ತರಬೇತಿಗೆ ಕೂಡಿಸಿ, ಲೆಕ್ಕ ಮುಗಿದ ಮೇಲೂ ಕೈ ಹೇಗೆ ಮುಂದೆ ಬರುತ್ತದೆಂಬುದನ್ನು ಕಲಿಸಬೇಕು. ಮುಂದೆ ತಾವು ರಿಯಾಯಿತಿ ಕೊಟ್ಟಾಗ ಅದರ ಮೇಲೂ ಒಂದು ಹಿಡಿ ಕೊಸರು ಬಿದ್ದರೆ, ತೆರಿಗೆ ಕಟ್ಟಲು ಜನ ಪಾಳಿ ಹಚ್ಚಿ ನಿಂತಾರು.

ತಮ್ಮ ಉತ್ತರಕ್ಕೆ ಕಾಯುವಷ್ಟು ಶಾಬುದ್ದೀನನ ಹೊಟ್ಟೆಗೆ ತಾಳ್ಮೆಯಿಲ್ಲ. ಹೀಗಾಗಿ ನಾನು ಅರ್ಜಿಯನ್ನು ಹಿಂದಕ್ಕೆ ಪಡೆದು, ಇಂದು ಮುಂಜಾನೆ ಆ ಸುದ್ದಿಯನ್ನು ಮುತ್ತವ್ವನವರಿಗೆ ತಿಳಿಸಿದೆ. ಅವರು ಬದನೆ ತೂಗಿದರು, ರೊಕ್ಕ ತೆಗೆದುಕೊಂಡರು, “ಬುಟ್ಟಿಗೆ ಕೈ ಹಚ್ಚರಿ” ಎಂದರು. ಬುಟ್ಟಿ ಎತ್ತಿ ಅವರ ತಲೆಯ ಮೇಲಿಟ್ಟು, ಇವತ್ತೂ ಕೊಸರಿಲ್ಲವೆಂದುಕೊಂಡು ತಿರುಗಿ ನೋಡಿದರೆ, ನನ್ನ ಚೀಲದ ಬಾಯಲ್ಲಿ ಹಸಿರಾಗಿ ಎರಡು ಸೂಡು ಕುಳಿತಿದ್ದವು.

ಚೀಟಿಯಿಲ್ಲದೆಯೂ ಚಾಲ್ತಿಯಲ್ಲಿರುವ ವಿಶ್ವಾಸದೊಂದಿಗೆ,

ತಮ್ಮ ವಿಶ್ವಾಸಿ,
ಗುರುಪಾದ

ತಾ.ಕ.: ಎರಡನೆಯ ಸೂಡು ಯಾಕೆ ಎಂದು ಕೇಳಿದ್ದಕ್ಕೆ ಮುತ್ತವ್ವನವರು, “ಆ ಸಾಹೇಬ್ರಿಗೆ ಕಳಸ್ರಿ, ಪಾಪ, ಅವರಿಗೆ ಯಾರೂ ಕೊಸರು ಕೊಟ್ಟಂಗಿಲ್ಲ” ಎಂದರು. ಇಂದೇ ತಮ್ಮ ಕಚೇರಿಗೆ ಕಳಿಸಿದ್ದೇನೆ. ಅದಕ್ಕೂ ಚೀಟಿ ಇಲ್ಲ. ಆದ್ದರಿಂದ ತಮ್ಮದೇ ನಿಯಮದಂತೆ ಅದನ್ನು ಹೊರದೇಶದ ಮಾಲೆಂದು ಪರಿಗಣಿಸಿ, ಆಮದು ಸುಂಕ ಕಟ್ಟಿಯೇ ತಿನ್ನಬೇಕಾಗಿ ವಿನಂತಿ.